ಕರ್ತೃವರಿಯದ ಚಿತ್ರ

ಹಳೆಯ ಸಾಮಾನಿನ ಅಂಗಡಿಗಳಲ್ಲಿ ಚಿತ್ರಗಳನ್ನು ಕೊಳ್ಳುವ ಹವ್ಯಾಸ ನಮ್ಮ ಪಟ್ಟಣಗಳಿಗೆ ಹೊಸದೇನೂ ಅಲ್ಲ. ಮನೆ ಭಾಗವಾದಾಗಲೂ ಹಿಂದಿನ ಕಾಲದ ತೊಟ್ಟಿಮನೆಯನ್ನು ಕೆಡವಿದಾಗಲೂ ಅಜ್ಜಿಯ ದೇವರ ಪಟ, ಯಾರದೋ ಭಾವಚಿತ್ರ, ಚೌಕಟ್ಟು ಸಡಿಲಿದ ಒಂದು ಪಟ್ಟಾಭಿಷೇಕ, ಇವೆಲ್ಲ ಹಿತ್ತಾಳೆಯ ಪಾತ್ರೆಗಳ ಜೊತೆಯಲ್ಲಿ ಅಂಗಡಿಗೆ ಬಂದು ಬೀಳುತ್ತವೆ. ಕೊಂಡವರು ಅದನ್ನು ಮನೆಗೆ ತಂದು, ಧೂಳೊರಸಿ, ಗೋಡೆಗೆ ತೂಗುಹಾಕಿದ ಮೇಲೆ ನೋಡಿದವರೆಲ್ಲ ಕೇಳುವ ಮೊದಲನೆಯ ಪ್ರಶ್ನೆ, ಬರೆದವರು ಯಾರು ಎಂಬುದು. ಈ ಪ್ರಶ್ನೆಯನ್ನು ನಮ್ಮ ಬಳಿಗೆ ತರುವವರೂ ಉಂಟು. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಎಲ್ಲವೂ ತಿಳಿದಿರುತ್ತದೆಂಬ ನಂಬಿಕೆ ಲೋಕದಲ್ಲಿ ಇನ್ನೂ ಅಳಿದಿಲ್ಲ.

ಸಾಮಾನ್ಯವಾಗಿ ಇದಕ್ಕೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಅಂಗಡಿಯವನು ಹೇಳುವುದು "ರವಿವರ್ಮ" ಎಂದು. ಮನೆಯ ಹಿರಿಯರು ಹೇಳುವುದು "ಯಾರೋ ಒಬ್ಬ ಚಿತ್ರಗಾರ" ಎಂದು. ಮೊದಲನೆಯದು ಬಹುಮಟ್ಟಿಗೆ ಸುಳ್ಳು. ಎರಡನೆಯದು ಯಾವಾಗಲೂ ನಿಜ, ಆದರೆ ಪ್ರಯೋಜನಕ್ಕೆ ಬಾರದ ನಿಜ. ಮೊದಲನೆಯ ಉತ್ತರದಿಂದ ಕೊಂಡವನ ಹಣ ಹೋಗುತ್ತದೆ. ಎರಡನೆಯದರಿಂದ ಪಟವೇ ಹೋಗುತ್ತದೆ. "ಯಾರೋ" ಬರೆದದ್ದೆಂದು ಅದನ್ನು ಅಟ್ಟಕ್ಕೆ ಹಾಕುತ್ತಾರೆ, ಅಲ್ಲಿ ಗೆದ್ದಲು ಅದರ ಕರ್ತೃವನ್ನು ವಿಚಾರಿಸುವುದಿಲ್ಲ. ಈ ಎರಡು ಉತ್ತರಗಳ ನಡುವೆ ನಾವು ಎಷ್ಟು ದೂರ ನಡೆಯಬಹುದು, ಅದಕ್ಕೆ ದಾರಿ ಯಾವುದು, ಎಂಬುದೇ ಈ ಹೊತ್ತಿನ ವಿಷಯ. ದಾರಿ ಸ್ವಲ್ಪ ಸುತ್ತಿನದು. ಮಂಡ್ಯದ ಬಳಿಯ ಬಸರಾಳಿನಲ್ಲಿ ಒಂದು ಕಲ್ಲಿನ ಗುಡಿಯ ಮುಂದೆ ಹಾದುಹೋಗುತ್ತದೆ. ಶ್ರೋತೃಗಳು ಅಲ್ಲಿಯವರೆಗೂ ತಾಳ್ಮೆಯಿಂದಿರಬೇಕೆಂದು ಬೇಡುತ್ತೇವೆ.

ಮೊದಲು ರವಿವರ್ಮರ ವಿಷಯ. ಅವರು ಮೈಸೂರಿನ ಅರಮನೆಗಾಗಿಯೂ ಚಿತ್ರಗಳನ್ನು ಬರೆದದ್ದು ನಿಜ. ಆದರೆ ಅವರ ಹೆಸರು ಮನೆಮನೆಗೆ ಬಂದದ್ದು ಕುಂಚದಿಂದಲ್ಲ, ಅಚ್ಚಿನಿಂದ. ೧೮೯೪ರಲ್ಲಿ ಮುಂಬಯಿಯಲ್ಲಿ ಅವರು ಬಣ್ಣದ ಕಲ್ಲಚ್ಚಿನ ಮುದ್ರಣಾಲಯವೊಂದನ್ನು ಸ್ಥಾಪಿಸಿದರು. ಕೆಲವು ವರ್ಷಗಳಲ್ಲಿ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. (ಇದು ನಮ್ಮ ಮಳವಳ್ಳಿಯಲ್ಲ, ಹಾಗೆಂದು ವಾದಿಸಿದವರೊಬ್ಬರನ್ನು ನಾವು ಬಲ್ಲೆವು.) ಆ ಮುದ್ರಣಾಲಯ ಮುಂದೆ ಅವರ ಕೈತಪ್ಪಿ ಜರ್ಮನಿಯ ತಂತ್ರಜ್ಞನೊಬ್ಬನದಾಯಿತು. ೧೯೦೬ರಲ್ಲಿ ರವಿವರ್ಮರು ತೀರಿಕೊಂಡ ಅನಂತರವೂ ಅಚ್ಚಿನ ಪಟಗಳು ನಿಲ್ಲಲಿಲ್ಲ. ಅಚ್ಚಿನೊಳಗೆ ಮೂಲಚಿತ್ರದ ಸಹಿಯೂ ಅಚ್ಚಾಗುವುದರಿಂದ, ಪಟದ ಮೂಲೆಯಲ್ಲಿ ಹೆಸರಿದೆಯೆಂಬುದು ಅಲ್ಲಿ ಆ ಕೈ ಓಡಾಡಿತೆಂಬುದಕ್ಕೆ ಸಾಕ್ಷಿಯಾಗಲಾರದು. ಬೂದುಗಾಜನ್ನು ಹಿಡಿದು ದೇವಿಯ ಕೆನ್ನೆಯನ್ನೋ ಆಕಾಶದ ನೀಲಿಯನ್ನೋ ನೋಡಿದರೆ ಸಾಕು. ಕುಂಚದ ಎಳೆತದ ಬದಲು ಬೇರೆಬೇರೆ ಬಣ್ಣದ ಸಣ್ಣ ಚುಕ್ಕೆಗಳು ಒಂದರ ಪಕ್ಕದಲ್ಲೊಂದು ಕಾಣಿಸಿದರೆ ಅದು ಕಲ್ಲಚ್ಚು. ಮೇಲೆ ಬಳಿದ ವಾರ್ನಿಷಿಗೂ ಒತ್ತಿದ ಬಟ್ಟೆಯ ನೆಯ್ಗೆಗೂ ಮೋಸಹೋಗಬಾರದು. ತೈಲಚಿತ್ರದಂತೆ ತೋರಲೆಂದೇ ಅವನ್ನು ಹಾಗೆ ಮಾಡುತ್ತಿದ್ದರು. ಅಚ್ಚೆಂದು ತಿಳಿದ ಮಾತ್ರಕ್ಕೆ ಅದನ್ನು ಕೀಳಾಗಿ ಕಾಣಬೇಕಾದ್ದಿಲ್ಲ. ಅದಕ್ಕೂ ಒಂದು ಚರಿತ್ರೆಯುಂಟು. ಆದರೆ ಆ ಚರಿತ್ರೆ ಬೇರೆ.

ಚಿತ್ರ ಕೈಯಿಂದಲೇ ಬರೆದದ್ದೆಂದು ತಿಳಿದ ಮೇಲೆ, ನಮ್ಮ ಸಲಹೆ, ಅದರ ಮುಖವನ್ನು ನೋಡುವ ಮೊದಲು ಬೆನ್ನನ್ನು ನೋಡಬೇಕು. ಮುಂಭಾಗದಲ್ಲಿ ಚಿತ್ರಗಾರನು ನಮಗೆ ಕಾಣಿಸಬೇಕೆಂದದ್ದು ಇರುತ್ತದೆ. ಹಿಂಭಾಗದಲ್ಲಿ ಯಾರೂ ಕಾಣಿಸಬೇಕೆಂದುಕೊಳ್ಳದೆ ಬಿಟ್ಟದ್ದು ಇರುತ್ತದೆ. ಚೌಕಟ್ಟು ಹಾಕಿದವನ ಚೀಟಿ, ಮೊಳೆಯ ಬಗೆ, ಹಲಗೆಯೋ ಬಟ್ಟೆಯೋ ಕಾಗದವೋ ಎಂಬುದು, ಸೀಸದಕಡ್ಡಿಯಲ್ಲಿ ಬರೆದ ಬೆಲೆ, ಹಿಂದೆ ಮೆತ್ತಿದ ಹಳೆಯ ಪತ್ರಿಕೆಯ ತುಂಡು, ಇವೆಲ್ಲ ಮಾತಾಡಬಲ್ಲ ವಸ್ತುಗಳು. ಕಾಗದವನ್ನು ಬೆಳಕಿಗೆ ಹಿಡಿದಾಗ ಅದರೊಳಗೆ ನೀರಿನ ಗುರುತು ಕಾಣಬಹುದು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾಗದಗಳಲ್ಲಿ ಹಲವಕ್ಕೆ ತಯಾರಿಕೆಯ ವರ್ಷವೂ ಉಂಟು. ೧೮೨೦ ಎಂದಿದ್ದರೆ ಚಿತ್ರ ಅದಕ್ಕೆ ಮುಂಚಿನದಲ್ಲ ಎಂದಷ್ಟೇ ಅರ್ಥ. ಕಾಗದವನ್ನು ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿಟ್ಟುಕೊಂಡು ಬರೆಯಬಾರದೆಂಬ ಕಾನೂನಿಲ್ಲ.

ಬಣ್ಣಗಳೂ ಇದೇ ರೀತಿಯಲ್ಲಿ ಕಾಲದ ಕೆಳಗಿನ ಗಡಿಯನ್ನು ಗೊತ್ತುಮಾಡುತ್ತವೆ. ಪ್ರಷ್ಯನ್ ನೀಲಿಯೆಂಬುದು ಹುಟ್ಟಿದ್ದು ಸುಮಾರು ೧೭೦೬ರಲ್ಲಿ. ಲಾಜವರ್ದದ ನೀಲಿಯನ್ನು ಕೃತಕವಾಗಿ ಮಾಡಲು ಕಲಿತದ್ದು ೧೮೨೮ರ ಸುಮಾರಿನಲ್ಲಿ. ಟೈಟೇನಿಯಂ ಎಂಬ ಬಿಳಿ ಬಣ್ಣ ಮಾರಾಟಕ್ಕೆ ಬಂದದ್ದು ೧೯೨೦ರ ಆಸುಪಾಸಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದೆಂದು ಹೇಳುವ ಪಟದ ತಳಬಣ್ಣದಲ್ಲಿ ಈ ಬಿಳಿ ಸಿಕ್ಕಿದರೆ ವಾದ ಅಲ್ಲಿಗೆ ಮುಗಿಯಿತು. ರಸಾಯನಶಾಸ್ತ್ರದ ಗುಣವೇ ಇದು: ಅದು ಸುಳ್ಳನ್ನು ಬೇಗ ಹಿಡಿಯುತ್ತದೆ, ನಿಜವಾದ ಹೆಸರನ್ನು ಮಾತ್ರ ತಾನಾಗಿ ಎಂದಿಗೂ ಹೇಳದು.

ಇಷ್ಟೆಲ್ಲ ಮಾಡಿ ನಮಗೆ ದೊರೆತದ್ದು ಕಾಲ ಮತ್ತು ಪ್ರದೇಶ. ಕೈ ದೊರೆಯಲಿಲ್ಲ. ನಮ್ಮ ಮೈಸೂರು ಸಂಪ್ರದಾಯದ ಪಟಗಳಲ್ಲಿ ಕಷ್ಟ ಮತ್ತಷ್ಟು ಹೆಚ್ಚು. ಹಲಗೆಗೆ ಬಟ್ಟೆಯನ್ನೋ ಕಾಗದವನ್ನೋ ಅಂಟಿಸಿ, ಸೀಸದ ಬಿಳಿಪುಡಿ, ಹಳದಿಯ ಮರದಹಾಲು, ಅಂಟು ಇವನ್ನು ಅರೆದು ಒಡವೆ ಪೀತಾಂಬರಗಳನ್ನು ತೆಳುವಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಿದ ಈ ಪಟಗಳನ್ನು ತಂಜಾವೂರಿನವುಗಳಿಂದ ಬೇರ್ಪಡಿಸುವುದು ಸುಲಭ. ಅಲ್ಲಿನ ಉಬ್ಬು ದಪ್ಪ, ಗಾಜಿನ ಕಲ್ಲುಗಳನ್ನು ಧಾರಾಳವಾಗಿ ಹುದುಗಿಸಿರುತ್ತಾರೆ. ಆದರೆ ಮೈಸೂರಿನವೇ ಎರಡು ಪಟಗಳನ್ನು ಮುಂದಿಟ್ಟುಕೊಂಡು ಇದು ಒಬ್ಬನದು, ಅದು ಮತ್ತೊಬ್ಬನದು ಎಂದು ಹೇಳುವುದು ಹೇಗೆ? ಸಹಿ ಹಾಕುವ ವಾಡಿಕೆ ಅಪರೂಪ. ದೇವರ ಪಟಕ್ಕೆ ಮನುಷ್ಯನ ಹೆಸರೇಕೆ ಎಂಬ ಭಾವವೂ ಇದ್ದೀತು. ಪಟ ಒಬ್ಬನ ಕೃತಿಯಾಗಿರದೆ ಮನೆಮಂದಿಯ ಕೃತಿಯಾಗಿದ್ದದ್ದೂ ಕಾರಣವಿದ್ದೀತು. ದೇವತೆಯ ಬಣ್ಣ, ಭುಜ, ಆಯುಧ, ವಾಹನ ಎಲ್ಲವನ್ನೂ ಧ್ಯಾನಶ್ಲೋಕವೇ ಗೊತ್ತುಮಾಡಿಬಿಟ್ಟಿದೆ. ಮುಮ್ಮಡಿಯವರ ಆಸ್ಥಾನದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯೆಂಬ ಸಚಿತ್ರ ಮಹಾಗ್ರಂಥ ಈ ಗೊತ್ತುಪಾಡುಗಳ ಭಂಡಾರ. ಎಲ್ಲರೂ ಒಂದೇ ಮಾತನ್ನು ಆಡಬೇಕಾದಲ್ಲಿ ಆಡುವವನ ದನಿಯನ್ನು ಗುರುತಿಸುವುದೆಂತು?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಪ್ರಸಿದ್ಧನಾದವನು ಇಟಲಿಯ ಜೊವಾನಿ ಮೊರೆಲ್ಲಿ. ೧೮೧೬ರಲ್ಲಿ ಹುಟ್ಟಿ ೧೮೯೧ರಲ್ಲಿ ತೀರಿಕೊಂಡ ಈತ ಓದಿದ್ದು ವೈದ್ಯವನ್ನು. ಅಂಗರಚನೆಯನ್ನು ನೋಡಿ ಪಳಗಿದ ಕಣ್ಣಿನಿಂದ ಆತ ಯುರೋಪಿನ ಚಿತ್ರಶಾಲೆಗಳನ್ನು ಸುತ್ತಿದ. ಚಿತ್ರಗಾರನು ಎಚ್ಚರದಿಂದ ಬರೆಯುವ ಕಡೆಯಲ್ಲಿ, ಅಂದರೆ ಮುಖಭಾವ, ಭಂಗಿ, ಗುಂಪಿನ ಜೋಡಣೆ ಇವುಗಳಲ್ಲಿ, ಆತನನ್ನು ಹುಡುಕಬಾರದು. ಅಲ್ಲಿ ಗುರುವಿನ ಪಾಠ, ಕಾಲದ ರುಚಿ, ಕೊಳ್ಳುವವರ ಇಷ್ಟ ಎಲ್ಲವೂ ಸೇರಿರುತ್ತವೆ, ನಕಲು ಮಾಡುವವನೂ ಅಲ್ಲಿಯೇ ಜಾಗರೂಕನಾಗಿರುತ್ತಾನೆ. ಕಿವಿಯ ಹಾಲೆ, ಬೆರಳಿನ ಉಗುರು, ಬಟ್ಟೆಯ ಮೂಲೆಯ ಮಡಿಕೆ, ಇಂಥ ಯಾರೂ ಗಮನಿಸದ ಕಡೆಯಲ್ಲಿ ಕೈ ತನ್ನ ಅಭ್ಯಾಸಬಲದಿಂದಲೇ ಓಡುತ್ತದೆ, ಅಲ್ಲಿ ಹುಡುಕಬೇಕು. ಇದು ಆತನ ಸಿದ್ಧಾಂತ. ತನ್ನ ಲೇಖನಗಳನ್ನು ಆತ ಮೊದಲು ರಷ್ಯದವನೊಬ್ಬನ ಹುಸಿಹೆಸರಿನಲ್ಲಿ ಪ್ರಕಟಿಸಿದ; ಕರ್ತೃಗಳನ್ನು ಪತ್ತೆಹಚ್ಚುವವನೇ ಕರ್ತೃತ್ವವನ್ನು ಮರೆಸಿಕೊಂಡದ್ದು ತಮಾಷೆಯಾಗಿದೆ. ಜರ್ಮನಿಯ ಡ್ರೆಸ್ಡೆನ್ ನಗರದ ಚಿತ್ರಶಾಲೆಯಲ್ಲಿ ಮಲಗಿರುವ ವೀನಸ್ ದೇವಿಯ ಚಿತ್ರವೊಂದು ಟಿಷಿಯನ್ನನ ಚಿತ್ರಕ್ಕೆ ಯಾರೋ ಮಾಡಿದ ನಕಲೆಂದು ಪಟ್ಟಿಯಲ್ಲಿ ದಾಖಲಾಗಿತ್ತು. ಅದು ನಕಲಲ್ಲ, ಜೊರ್ಜೋನೆಯ ಮೂಲಕೃತಿಯೆಂದು ಮೊರೆಲ್ಲಿ ೧೮೮೦ರಲ್ಲಿ ಸಾರಿದ. ಇಂದು ಆ ಚಿತ್ರ ಜೊರ್ಜೋನೆಯ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ, ಅದರಲ್ಲಿ ಟಿಷಿಯನ್ನನ ಕೈಯೂ ಸೇರಿದೆಯೆಂಬುದನ್ನು ಪಂಡಿತರು ಕೂಡಿಸಿ ಹೇಳುತ್ತಾರೆ.

ಈ ವಿದ್ಯೆಯನ್ನು ಕಲಿಯಲು ನಾವು ಡ್ರೆಸ್ಡೆನ್ನಿಗೆ ಹೋಗಬೇಕಾದ್ದಿಲ್ಲ. ಒಂದೇ ವಸ್ತುವನ್ನು ಹಲವು ಕೈಗಳು ಮತ್ತೆ ಮತ್ತೆ ರಚಿಸಿರುವ, ರಚಿಸಿದ ಜಾಗದಿಂದ ಕದಲದಿರುವ ಕೃತಿಗಳು ನಮ್ಮ ನೆರೆಯಲ್ಲೇ ಇವೆ. ಚಿತ್ರಗಳಲ್ಲ, ಶಿಲ್ಪಗಳು, ಆದರೆ ಕಣ್ಣು ಪಳಗುವುದಕ್ಕೆ ಬಣ್ಣವೂ ಒಂದೇ, ಕಲ್ಲೂ ಒಂದೇ. ಮಂಡ್ಯದಿಂದ ಉತ್ತರಕ್ಕೆ ಸುಮಾರು ೨೫ ಕಿಲೋಮೀಟರು ದೂರದಲ್ಲಿರುವ ಬಸರಾಳಿನ ಮಲ್ಲಿಕಾರ್ಜುನ ದೇವಾಲಯ ಅಂಥದೊಂದು ಪಾಠಶಾಲೆ. ಹೊಯ್ಸಳ ದೊರೆ ಇಮ್ಮಡಿ ವೀರನರಸಿಂಹನ ಕಾಲದಲ್ಲಿ, ಕ್ರಿ. ಶ. ೧೨೩೪ರ ಸುಮಾರಿನಲ್ಲಿ, ಹರಿಹರ ದಣ್ಣಾಯಕನು ಅದನ್ನು ಕಟ್ಟಿಸಿದ. ಮೂರು ಗರ್ಭಗುಡಿಗಳಿದ್ದರೂ ಗೋಪುರವಿರುವುದು ನಡುವಿನದಕ್ಕೆ ಮಾತ್ರ. ಬೇಲೂರು, ಹಳೇಬೀಡು, ಸೋಮನಾಥಪುರಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬಸರಾಳು ಆ ಪಟ್ಟಿಯಲ್ಲಿಲ್ಲ. ನೋಡುವವರ ನೂಕುನುಗ್ಗಲಿಲ್ಲದೆ ಗೋಡೆಯ ಮುಂದೆ ಗಂಟೆಗಟ್ಟಲೆ ನಿಲ್ಲಬಯಸುವವರಿಗೆ ಅದು ಅನುಕೂಲವೇ ಸರಿ.

ಗೋಡೆಯ ದೊಡ್ಡ ಮೂರ್ತಿಗಳು ಎಲ್ಲರ ಕಣ್ಣನ್ನೂ ಮೊದಲು ಸೆಳೆಯುತ್ತವೆ: ಅಂಧಕಾಸುರನ ತಲೆಯ ಮೇಲೆ ಕುಣಿಯುವ ಶಿವ, ನರ್ತಿಸುವ ಬಹುಭುಜೆಯಾದ ದುರ್ಗೆ, ಕೈಲಾಸವನ್ನೆತ್ತುವ ರಾವಣ, ಮತ್ಸ್ಯಯಂತ್ರಕ್ಕೆ ಬಾಣವಿಡುವ ಅರ್ಜುನ, ಹಾರ ಹಿಡಿದು ಧಾವಿಸುವ ದ್ರೌಪದಿ. ಇವುಗಳಿಂದ ಮನಸ್ಸು ತುಂಬುವುದೇನೋ ನಿಜ. ಆದರೆ ನಮ್ಮ ಕೆಲಸಕ್ಕೆ ಬೇಕಾದದ್ದು ಕೆಳಗಿನ ಪಟ್ಟಿಕೆಗಳು. ಹಂಸ, ಮಕರ, ಪುರಾಣಕಥೆ, ಕುದುರೆ ಸವಾರರು, ಎಲ್ಲಕ್ಕೂ ಕೆಳಗೆ ಆನೆಗಳು. ನಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವರಿಗೆ ನಾವು ಕೊಡುವ ಕೆಲಸ ಒಂದೇ: ಆನೆಗಳನ್ನು ಮಾತ್ರ ನೋಡಿಕೊಂಡು ಬನ್ನಿ. ಮೊದಲ ಸುತ್ತಿನಲ್ಲಿ ಎಲ್ಲವೂ ಒಂದೇ ಆನೆಯಾಗಿ ಕಾಣುತ್ತದೆ, ಹುಡುಗರು ಗೊಣಗುತ್ತಾರೆ. ಎರಡನೆಯ ಸುತ್ತಿನಲ್ಲಿ ಕಿವಿಯ ಅಂಚನ್ನೂ ಸೊಂಡಿಲಿನ ಸುರುಳಿಯನ್ನೂ ಹಣೆಗೂ ಕಣ್ಣಿಗೂ ನಡುವಿನ ತಗ್ಗನ್ನೂ ಕಾಲು ನೆಲಕ್ಕೆ ಊರುವ ಭಾರವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಲು ಹೇಳುತ್ತೇವೆ. ವಸ್ತು ಒಂದೇ, ಕಲ್ಲು ಒಂದೇ, ಅಳತೆಯೂ ಹೆಚ್ಚುಕಡಿಮೆ ಒಂದೇ. ಉಳಿದ ವ್ಯತ್ಯಾಸವೆಲ್ಲ ಕೈಯದು. ದಣ್ಣಾಯಕನೇ ಬಂದರೂ ಆನೆಯ ಹಿಂಗಾಲನ್ನು ಪರೀಕ್ಷಿಸಲಾರನೆಂಬ ಧೈರ್ಯ ಕೆತ್ತುವವನಿಗಿತ್ತು; ಅಲ್ಲಿ ಅವನ ಉಳಿ ಅವನ ಅಭ್ಯಾಸದಂತೆಯೇ ನಡೆದಿದೆ. ಮೊರೆಲ್ಲಿಯ ಕಿವಿ ನಮಗೆ ಇಲ್ಲಿ ದೊರೆಯುವುದು ಹೀಗೆ, ಅದೂ ಆನೆಯ ಗಾತ್ರದಲ್ಲಿ.

ಹೊಯ್ಸಳರ ಗುಡಿಗಳ ಕಲ್ಲಿಗೂ ಇದರಲ್ಲಿ ಪಾಲುಂಟು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ತೆರೆದಂತೆಲ್ಲ ಗಟ್ಟಿಯಾಗುವಂಥದು. ಅದರಲ್ಲಿ ಮುತ್ತಿನ ಸರವನ್ನು ಎದೆಯಿಂದ ಬೇರೆಯಾಗಿ ಎತ್ತಿ ಕೊರೆಯಬಹುದು, ಮೂರ್ತಿಯ ನೆತ್ತಿಯ ಮೇಲಿನ ಬಳ್ಳಿಯ ತೋರಣದಲ್ಲಿ ಎಲೆಯ ಹಿಂದೆ ನೆರಳು ಬೀಳುವಂತೆ ತೂತು ತೆಗೆಯಬಹುದು. ಒರಟು ಕಣಶಿಲೆಯಲ್ಲಿ ಎಲ್ಲರ ಕೈಯನ್ನೂ ಕಲ್ಲೇ ಒಂದಾಗಿಸಿಬಿಡುತ್ತದೆ. ಬಳಪದ ಕಲ್ಲು ಸುಣ್ಣ ಹಚ್ಚಿದ ಗೋಡೆಯ ಮೇಲಿನ ಕುಂಚದಂತೆ ಕೈಯ ಒಂದೊಂದು ಚಪಲವನ್ನೂ ಉಳಿಸಿಕೊಳ್ಳುತ್ತದೆ.

ಕೈಗಳನ್ನು ಬೇರ್ಪಡಿಸಿದ್ದಾಯಿತು, ಹೆಸರು? ಹೊಯ್ಸಳರ ರೂವಾರಿಗಳಲ್ಲಿ ಹಲವರು, ಪ್ರಾಚೀನ ಭಾರತದಲ್ಲಿ ಅಪರೂಪವೆನ್ನುವಂತೆ, ತಮ್ಮ ಮೂರ್ತಿಗಳ ಪೀಠದಲ್ಲಿ ಹೆಸರು ಕೆತ್ತಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನುಗ್ಗೇಹಳ್ಳಿಯಲ್ಲಿ ೧೨೪೬ರ ಲಕ್ಷ್ಮೀನರಸಿಂಹ ದೇವಾಲಯದ ಒಂದು ಕಡೆ ನಂದಿಯ ಬೈಚೋಜ, ಇನ್ನೊಂದು ಕಡೆ ಮಲ್ಲಿತಮ್ಮ. ಒಂದೇ ಗುಡಿ, ಒಂದೇ ಕಾಲ, ಹೆಸರು ಹಾಕಿದ ಎರಡು ಕೈಗಳು. ನಮ್ಮ ವಿದ್ಯೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಕಲ್ಲು ಬೇಕೆ? ಹೆಸರನ್ನು ಕೈಯಿಂದ ಮುಚ್ಚಿ, ಇದು ಯಾರದು ಎಂದು ಊಹಿಸಿ, ಆಮೇಲೆ ಕೈ ತೆಗೆದು ನೋಡಬಹುದು. ಸೋಮನಾಥಪುರದಲ್ಲಿ ಈ ಮಲ್ಲಿತಮ್ಮನ ಹೆಸರು ಎಲ್ಲರಿಗಿಂತ ಹೆಚ್ಚು ಸಲ ಬರುತ್ತದೆ. ಬರವಣಿಗೆಗೆ ಬೇಸರವಾಯಿತೋ ಏನೋ, ಕೆಲವೆಡೆ ಬರಿಯ "ಮಲ್ಲಿ" ಎಂದೂ, ಮತ್ತೆ ಕೆಲವೆಡೆ ಬರಿಯ "ಮ" ಎಂದೂ ಇದೆ. ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯರಾಗಿದ್ದ ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಗುಡಿಯನ್ನು ಕುರಿತ ತಮ್ಮ ೧೯೧೭ರ ಪುಸ್ತಕದಿಂದಲೂ ವಾರ್ಷಿಕ ವರದಿಗಳಿಂದಲೂ ಈ ಹೆಸರುಗಳನ್ನು ವಿದ್ವಲ್ಲೋಕಕ್ಕೆ ಪರಿಚಯಮಾಡಿಸಿದರು.

ಇಲ್ಲಿಯೇ ಒಂದು ತೊಡಕು ಏಳುತ್ತದೆ, ಹಳೆಯ ಚಿತ್ರ ಕೊಂಡವರು ಇದನ್ನು ಚೆನ್ನಾಗಿ ನೆನಪಿಡಬೇಕು. ಮಲ್ಲಿತಮ್ಮನ ಹೆಸರು ೧೧೯೬ರ ಅಮೃತಾಪುರದಲ್ಲಿದೆ, ೧೨೩೫ರ ಸುಮಾರಿನ ಹಾರನಹಳ್ಳಿಯಲ್ಲಿದೆ, ನುಗ್ಗೇಹಳ್ಳಿಯಲ್ಲಿದೆ, ೧೨೫೮ರ ಸೋಮನಾಥಪುರದಲ್ಲಿಯೂ ಇದೆ. ಮೊದಲಿನದಕ್ಕೂ ಕೊನೆಯದಕ್ಕೂ ಅರುವತ್ತೆರಡು ವರ್ಷಗಳ ಅಂತರ. ಹದಿನೆಂಟರ ಹುಡುಗನಾಗಿ ಉಳಿ ಹಿಡಿದವನು ಎಂಬತ್ತರ ಮುದುಕನಾಗಿಯೂ ಅದನ್ನು ಬಿಡಲಿಲ್ಲವೆನ್ನೋಣವೆ? ಅಥವಾ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿಯಂತೆ ಇಬ್ಬರು ಮಲ್ಲಿತಮ್ಮಂದಿರೆ? ಇಲ್ಲವೆ, ಒಂದು ಮನೆತನದ ಕಮ್ಮಟಕ್ಕೇ ಆ ಹೆಸರು ಮುದ್ರೆಯಾಗಿತ್ತೆ? ಪಂಡಿತರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ಹೊಯ್ಸಳ ಶಿಲ್ಪಿಗಳ ವ್ಯಕ್ತಿಶೈಲಿಯನ್ನೇ ವಿಷಯವಾಗಿ ತೆಗೆದುಕೊಂಡ ಕೆಲ್ಸನ್ ಕಾಲಿಯರ್ ಅವರ ಗ್ರಂಥ ೧೯೯೦ರಲ್ಲಿ ಮೈಸೂರಿನಿಂದ ಪ್ರಕಟವಾಯಿತು; ಎಸ್. ಶೆಟ್ಟರ್ ಅವರೂ ಈ ಕ್ಷೇತ್ರದಲ್ಲಿ ದುಡಿದರು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಹೆಸರಿನಿಂದ ಕೈಗೆ ಹೋಗುವುದಕ್ಕಿಂತ ಕೈಯಿಂದ ಹೆಸರಿಗೆ ಹೋಗುವುದು ಕ್ಷೇಮ. ಮೊದಲು ಒಂದೇ ಕೈಯವೆಂದು ತೋರುವ ಮೂರ್ತಿಗಳನ್ನು ಒಟ್ಟುಗೂಡಿಸಬೇಕು; ಆ ಗುಂಪಿನಲ್ಲಿ ಒಂದಕ್ಕೆ ಹೆಸರಿದ್ದರೆ ಉಳಿದವಕ್ಕೂ ಅದು ಸಲ್ಲುತ್ತದೆ. ಬಸರಾಳಿನ ಶಾಸನವನ್ನು ಕೇಳಿದರೆ ಕಟ್ಟಿಸಿದ ದಣ್ಣಾಯಕನ ಹೆಸರನ್ನು ಹೇಳುತ್ತದೆ. ಗೋಡೆಯ ಆನೆ ಕೆತ್ತಿದವನ ಹೆಸರನ್ನು ಹೇಳುವುದಿಲ್ಲ, ಅವನ ಕೈಯನ್ನು ತೋರಿಸುತ್ತದೆ. ಕಾಲದಲ್ಲಿ ಹಾರನಹಳ್ಳಿಗೆ ಅತಿ ಸಮೀಪದ ಗುಡಿಯಾದ್ದರಿಂದ, ಎರಡನ್ನೂ ಒಂದೇ ವಾರದಲ್ಲಿ ನೋಡಿಬಂದವರಿಗೆ ಹೋಲಿಕೆ ವ್ಯತ್ಯಾಸಗಳು ಕಣ್ಣಿನಲ್ಲಿ ಇನ್ನೂ ಹಸಿಯಾಗಿರುವಾಗಲೇ ಕೆಲಸ ಸಾಗುತ್ತದೆ.

ಕೈಯನ್ನು ನೆಚ್ಚುವುದರಲ್ಲಿಯೂ ಅಪಾಯವಿಲ್ಲದಿಲ್ಲ. ಒಬ್ಬನು ರೂಪ ತೆಗೆದದ್ದಕ್ಕೆ ಇನ್ನೊಬ್ಬನು ನಯ ಕೊಟ್ಟಿರಬಹುದು. ಪಟಗಳಲ್ಲಿ ರೇಖೆ ಒಬ್ಬನದು, ಚಿನ್ನದ ಕೆಲಸ ಇನ್ನೊಬ್ಬನದು, ಮುಖ ಬರೆದು ಕಣ್ಣು ತೆರೆದವನು ಮೂರನೆಯವನು ಆಗಿರುವುದು ಅಸಂಭವವಲ್ಲ. ಇದಕ್ಕಿಂತ ದೊಡ್ಡ ಅಪಾಯ ಮರುಬಣ್ಣದ್ದು. ಮಂಡ್ಯ ಜಿಲ್ಲೆಯಲ್ಲಿಯೇ ಇದಕ್ಕೆ ಹೆಸರಾಂತ ಉದಾಹರಣೆಯುಂಟು. ಶ್ರೀರಂಗಪಟ್ಟಣದ ದರಿಯಾದೌಲತ್ತಿನ ಗೋಡೆಯಲ್ಲಿ ಪೊಳ್ಳಿಲೂರಿನ ಕಾಳಗವನ್ನು ನೋಡುವವರು ಟಿಪ್ಪುವಿನ ಚಿತ್ರಗಾರರನ್ನು ಹೊಗಳುತ್ತಾರೆ. ಅರಮನೆ ೧೭೮೪ರದು, ಆದರೆ ಚಿತ್ರಗಳು ನಡುವೆ ಅಳಿಸಿಹೋಗಿ, ಗವರ್ನರ್ ಜನರಲ್ ಡಾಲ್‌ಹೌಸಿ ೧೮೫೫ರಲ್ಲಿ ಕೊಟ್ಟ ಅಪ್ಪಣೆಯಂತೆ ಮತ್ತೆ ಬರೆಯಲ್ಪಟ್ಟವು. ಕಲ್ಪನೆ ಹದಿನೆಂಟನೆಯ ಶತಮಾನದ್ದು, ಮೇಲಿನ ಕುಂಚ ಹತ್ತೊಂಬತ್ತನೆಯದು. ಅಲ್ಲಿ ಕುದುರೆಯ ಗೊರಸನ್ನು ನೋಡಿ ಟಿಪ್ಪುವಿನ ಚಿತ್ರಗಾರನ ಅಭ್ಯಾಸವನ್ನು ಬಣ್ಣಿಸುವವನು ಮೊರೆಲ್ಲಿಗೆ ಶಿಷ್ಯನಾದರೂ ಎಪ್ಪತ್ತು ವರ್ಷ ತಪ್ಪಿದ ಹಾಗಾಯಿತು.

ಹೀಗಿರುವಾಗ ಅಂಗಡಿಯಿಂದ ಪಟ ತಂದವರು ಏನು ಮಾಡತಕ್ಕದ್ದು? ಮೊದಲನೆಯದಾಗಿ ಒದ್ದೆಬಟ್ಟೆಯಿಂದ ಒರಸಬಾರದು. ನೀರು ತಗುಲಿದರೆ ಚಿನ್ನದ ರೇಕಿನೊಡನೆ ಸಾಕ್ಷ್ಯವೂ ಏಳುತ್ತದೆ. ಹಳೆಯ ಚೌಕಟ್ಟನ್ನು ಒಲೆಗೆ ಹಾಕಬಾರದು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಪಟದ ಛಾಯಾಚಿತ್ರಗಳನ್ನು ಕೊಂಡೊಯ್ದು, ದೇವತೆಯನ್ನಲ್ಲ, ಕಿವಿ, ಕಾಲ್ಬೆರಳು, ಮಂಟಪದ ಕಂಬದ ಬೋದಿಗೆ, ಮರದ ಎಲೆಗಳ ಗೊಂಚಲು, ತೆರೆಯ ಮಡಿಕೆ ಇವನ್ನು ಅಲ್ಲಿಯ ಸಂಪ್ರದಾಯದ ಪಟಗಳೊಡನೆ ಹೋಲಿಸಿ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೊಂಡ ದಿನವೇ ಅಂಗಡಿಯವನನ್ನು, ಬರೆದವರು ಯಾರೆಂದಲ್ಲ, ಪಟ ಯಾವ ಊರಿನಿಂದ, ಯಾವ ಬೀದಿಯ ಮನೆಯಿಂದ, ಯಾವ ಸಾಮಾನುಗಳ ಜೊತೆಯಲ್ಲಿ ಬಂತೆಂದು ಕೇಳಬೇಕು. ಬಸರಾಳಿನ ಆನೆ ತನ್ನ ಗೋಡೆಯನ್ನು ಬಿಟ್ಟಿಲ್ಲ. ಅದನ್ನು ನೂರು ವರ್ಷ ಬಿಟ್ಟು ಬಂದು ವಿಚಾರಿಸಿದರೂ ನಷ್ಟವಿಲ್ಲ. ಪಟ ಮನೆ ಬಿಟ್ಟಾಗಿದೆ. ಅದೇ ದೇವರ ಕೋಣೆಯಿಂದ ಅದೇ ಕೈಯ ಇನ್ನೆರಡು ಪಟಗಳು ಬೇರೊಂದು ಗಿರಾಕಿಗೆ ಹೋಗಿದ್ದರೆ, ಮೂರನ್ನೂ ಮತ್ತೆ ಒಟ್ಟಿಗೆ ಕೂಡಿಸಬಲ್ಲ ಎಳೆ ಅಂಗಡಿಯವನ ನೆನಪೊಂದೇ, ಅದೂ ಮುಂದಿನ ಸಂತೆಯವರೆಗೆ.

ಕಡೆಗೆ ಪಟದ ಹಿಂದೆ ಒಂದು ಚೀಟಿಯನ್ನು, ಅಂಟಿಸದೆ, ಚೌಕಟ್ಟಿಗೆ ಸಿಕ್ಕಿಸಿಡಬೇಕು. ಅದರಲ್ಲಿ ಗೊತ್ತಿದ್ದಷ್ಟನ್ನೇ ಬರೆಯಬೇಕು: ಮೈಸೂರು ಸಂಪ್ರದಾಯ; ಕಾಗದದ ಗುರುತಿನಂತೆ ಇಂಥ ವರ್ಷದಿಂದ ಈಚಿನದು; ಇಂಥ ಊರಿನ ಇಂಥ ಮನೆಯಿಂದ ಬಂದದ್ದು; ಇಂಥ ಪಟವನ್ನು ಬರೆದ ಕೈಯೇ ಇರಬಹುದು, ಈ ಈ ಕಾರಣಗಳಿಂದ. ಕರ್ತೃವಿನ ಹೆಸರಿಗಾಗಿ ಒಂದು ಸಾಲನ್ನು ಖಾಲಿ ಬಿಟ್ಟಿರಬೇಕು.